ಸ್ತನ ಕ್ಯಾನ್ಸರ್ ಸಂಶೋಧನೆಗೆ ಕಲಬುರಗಿಯಲ್ಲಿ ಸಹಾಯಾರ್ಥ ಸಂಜೆ: ಹಾಲ್ ಬುಕ್ ಮಾಡುವ ಮೊದಲು ಓದಿ

ಆಗಸ್ಟ್ ಮುಗಿಯುತ್ತಿದ್ದಂತೆ ನನಗೆ ಒಂದೇ ಥರದ ಫೋನ್‌ಗಳು ಬರುತ್ತವೆ. "ಅಕ್ಟೋಬರ್‌ನಲ್ಲಿ ಸ್ತನ ಕ್ಯಾನ್ಸರ್ ಸಲುವಾಗಿ ಒಂದು ಗಾಲಾ ಮಾಡಬೇಕು ಅಂತಿದೀವಿ. ಟಿಕೆಟ್ ಇಡ್ತೀವಿ, ಊಟ ಇಡ್ತೀವಿ, ಬಂದ ರೊಕ್ಕ ಸಂಶೋಧನೆಗೆ ಕೊಡ್ತೀವಿ. ಪಂಡಿತ ರಂಗಮಂದಿರ ಸಿಗುತ್ತಾ?" ಕೇಳುವವರಲ್ಲಿ ಮಹಿಳಾ ಮಂಡಳಿಯವರಿದ್ದಾರೆ, ಕಾಲೇಜಿನವರಿದ್ದಾರೆ, ಕ್ಲಬ್‌ಗಳವರಿದ್ದಾರೆ, ತಾಯಿಯನ್ನೋ ಅಕ್ಕನನ್ನೋ ಈ ಕಾಯಿಲೆಗೆ ಕಳೆದುಕೊಂಡವರೂ ಇದ್ದಾರೆ. ಎಲ್ಲರಿಗೂ ಮೊದಲು ಹಾಲ್ ಬೇಕು. ರೊಕ್ಕ ಯಾರಿಗೆ, ಯಾವ ಕೆಲಸಕ್ಕೆ ಹೋಗುತ್ತದೆ ಅಂತ ಕೇಳಿದರೆ "ಅದು ಆಮೇಲೆ ನೋಡೋಣ" ಅಂತಾರೆ.

ಅಲ್ಲೇ ತಪ್ಪುವುದು. ದಾಸೋಹ ಅಂದರೆ ಏನು ಅಂತ ಈ ಊರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ, ಕೊಡುವ ಕೈ ಇಲ್ಲಿ ಸಣ್ಣದಲ್ಲ. ಆದರೆ ಕೊಟ್ಟ ಮೇಲೆ ಹಿಸಾಬು ಕೇಳುವುದೂ ಇಲ್ಲಿನವರಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಈ ಮಾರ್ಗದರ್ಶಿ ರೊಕ್ಕದಿಂದ ಶುರುವಾಗುತ್ತದೆ. ಬೀದರ್, ಯಾದಗಿರಿಯವರಿಗೂ ಹೆಚ್ಚುಕಡಿಮೆ ಇದೇ ದಾರಿ.

ಶುರು ಮಾಡುವ ಮೊದಲು ಇಷ್ಟು ಇರಲಿ: ಕನಿಷ್ಠ ನಾಲ್ಕು ತಿಂಗಳ ಸಮಯ, ಆರೇಳು ಜನರ ಸಮಿತಿ, ಫೋನ್ ಎತ್ತುವ ಒಬ್ಬ ಲೆಕ್ಕಪರಿಶೋಧಕರು (ಸಿಎ), ಕ್ಯಾನ್ಸರ್ ವಿಷಯ ಬಲ್ಲ ಒಬ್ಬ ವೈದ್ಯರು. ಸಮಿತಿಯಲ್ಲಿ ಇಪ್ಪತ್ತು ಜನ ಬೇಡ. ಇಪ್ಪತ್ತು ಜನರ ಸಮಿತಿಯಲ್ಲಿ ಕೆಲಸ ಮಾಡುವವರು ಮೂರೇ ಜನ, ಉಳಿದವರು ಪಾಸ್ ಕೇಳುತ್ತಾರೆ.

1. ರೊಕ್ಕ ಯಾವ ಕೆಲಸಕ್ಕೆ ಅಂತ ತೀರ್ಮಾನಿಸಿ

ಚಿಕಿತ್ಸೆ, ಜಾಗೃತಿ, ಸಂಶೋಧನೆ. ಮೂರೂ ಬೇರೆ ಬೇರೆ. ಬಡ ರೋಗಿಯ ಕೀಮೋಗೆ ಸಹಾಯ ಮಾಡಿದರೆ ಅದು ಚಿಕಿತ್ಸೆ. ಹಳ್ಳಿಯಲ್ಲಿ ತಪಾಸಣಾ ಶಿಬಿರ ಮಾಡಿದರೆ ಅದು ಜಾಗೃತಿ. ಯಾವ ಚಿಕಿತ್ಸೆ, ಯಾವ ತಪಾಸಣೆ ನಿಜವಾಗಿ ಜೀವ ಉಳಿಸುತ್ತದೆ ಅಂತ ಸಾವಿರಾರು ಜನರ ಮೇಲೆ ವರ್ಷಗಟ್ಟಲೆ ನೋಡಿ ಸಾಬೀತು ಮಾಡುವುದು ಸಂಶೋಧನೆ. ಪೋಸ್ಟರ್ ಮೇಲೆ "ಸಂಶೋಧನೆಗಾಗಿ" ಅಂತ ಬರೆದು ರೊಕ್ಕ ಶಿಬಿರಕ್ಕೆ ಕೊಟ್ಟರೆ ಅದು ಕೊಟ್ಟವರಿಗೆ ಹೇಳಿದ ಸುಳ್ಳು. ಶಿಬಿರ ಎಷ್ಟೇ ಒಳ್ಳೆಯದಾಗಿರಲಿ.

"ಕಾಯಿಲೆಯವರು ಇಲ್ಲೇ ಕಣ್ಣೆದುರು ಇರುವಾಗ ಸಂಶೋಧನೆಗೆ ಯಾಕೆ ಕೊಡಬೇಕು?" ಅಂತ ದಾನಿಗಳು ಕೇಳೇ ಕೇಳುತ್ತಾರೆ. ಉತ್ತರ ಸಿದ್ಧವಿರಲಿ. ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚು ಕಾಣಿಸುವ ಕ್ಯಾನ್ಸರ್ ಇದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ 2022ರ ಅಂದಾಜಿನಲ್ಲಿ ನಮ್ಮ ದೇಶದಲ್ಲಿ ಆ ಒಂದು ವರ್ಷ ಸುಮಾರು 1.92 ಲಕ್ಷ ಹೊಸ ಪ್ರಕರಣಗಳು, 98 ಸಾವಿರ ಸಾವುಗಳು. ಇನ್ನು ಸಂಶೋಧನೆ ಏನು ಮಾಡಿದೆ ಅಂತ ಹೇಳಲು ಮೂರು ಉದಾಹರಣೆ ಸಾಕು. ಮೂರೂ ನಮಗೆ ಹತ್ತಿರದವೇ.

ಮೊದಲನೆಯದು ಲಿಡೊಕೇನ್. ಹಲ್ಲು ಕೀಳುವ ಮುಂಚೆ ಮರಗಟ್ಟಿಸಲು ಕೊಡುತ್ತಾರಲ್ಲ, ಅದೇ ಅಗ್ಗದ ಇಂಜೆಕ್ಷನ್. ಸ್ತನ ಕ್ಯಾನ್ಸರ್ ಆಪರೇಷನ್‌ಗೆ ಸ್ವಲ್ಪ ಮೊದಲು ಗಡ್ಡೆಯ ಸುತ್ತ ಇದನ್ನು ಕೊಟ್ಟರೆ ಏನಾಗುತ್ತದೆ ಅಂತ ಮುಂಬೈನ ಟಾಟಾ ಮೆಮೋರಿಯಲ್ ಸೆಂಟರ್‌ನ ವೈದ್ಯರು ದೇಶದ 11 ಆಸ್ಪತ್ರೆಗಳಲ್ಲಿ 1,600 ಮಹಿಳೆಯರ ಮೇಲೆ ಅಧ್ಯಯನ ಮಾಡಿದರು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಐದು ವರ್ಷದ ಲೆಕ್ಕದಲ್ಲಿ ಇಂಜೆಕ್ಷನ್ ಪಡೆದವರಲ್ಲಿ ಬದುಕುಳಿದವರು 90.1%, ಪಡೆಯದವರಲ್ಲಿ 86.4%. ಇಷ್ಟು ಅಗ್ಗದ ಔಷಧಿಯ ಮೇಲೆ ದೊಡ್ಡ ಅಧ್ಯಯನ ಮಾಡಿ ಔಷಧಿ ಕಂಪನಿಗೆ ಸಿಗುವ ಲಾಭ ಏನೂ ಇಲ್ಲ. ಇಂಥ ಕೆಲಸಕ್ಕೆ ಸರ್ಕಾರವೋ ಜನರೋ ರೊಕ್ಕ ಕೊಡಬೇಕು.

ಎರಡನೆಯದು ಕೈಯಿಂದ ಮಾಡುವ ತಪಾಸಣೆ. ಮುಂಬೈನ ಬಡ ಬಡಾವಣೆಗಳಲ್ಲಿ ಒಂದೂವರೆ ಲಕ್ಷ ಮಹಿಳೆಯರನ್ನು 20 ವರ್ಷ ನೋಡಿದ ಅಧ್ಯಯನ ಇದು, 2021ರಲ್ಲಿ ಬಂತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷೆ ಮಾಡಿದರು. 50 ದಾಟಿದವರಲ್ಲಿ ಈ ಕಾಯಿಲೆಯಿಂದ ಸಾಯುವವರ ಪ್ರಮಾಣ ಸುಮಾರು 30% ಕಡಿಮೆಯಾಯಿತು. ಊರೂರಿಗೆ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಯಂತ್ರ ಇಲ್ಲದ ನಮ್ಮಂಥ ಜಿಲ್ಲೆಗಳಿಗೆ ಇದು ಎಂಥ ಸುದ್ದಿ ನೋಡಿ.

ಮೂರನೆಯದು ಪಕ್ಕದ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯದು. ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಶುರುವಾದದ್ದು ಅಲ್ಲೇ. ಹಳ್ಳಿಯಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಬಂತು, ಎಷ್ಟು ತಡವಾಗಿ ಆಸ್ಪತ್ರೆಗೆ ಬಂದರು ಅಂತ ಬರೆದಿಡುವ ಕೆಲಸ. ನೋಡಲು ಬರೀ ಗುಮಾಸ್ತಿಕೆ ಅನ್ನಿಸುತ್ತದೆ. ಆದರೆ ಆ ಲೆಕ್ಕ ಇಲ್ಲದೆ ಮುಂದಿನ ಯಾವ ಯೋಜನೆಯೂ ಇಲ್ಲ.

ಈಗ ನಿಮ್ಮ ನಾಲ್ಕೈದು ಲಕ್ಷ ರೂಪಾಯಿಯ ಮಾತು. ಇಷ್ಟರಲ್ಲಿ ಹೊಸ ಔಷಧಿ ಹುಟ್ಟುವುದಿಲ್ಲ. ವೇದಿಕೆ ಮೇಲೆ ಹಾಗೆ ಹೇಳಬೇಡಿ. ಆದರೆ ನಡೆಯುತ್ತಿರುವ ಅಧ್ಯಯನದ ಒಂದು ಸಣ್ಣ ಭಾಗವನ್ನು ಇದು ಹೊರಬಹುದು. ಮಾಹಿತಿ ದಾಖಲಿಸುವ ಸಿಬ್ಬಂದಿಯ ಸಂಬಳ, ಮಾದರಿ (ಸ್ಯಾಂಪಲ್) ಪರೀಕ್ಷೆಯ ಖರ್ಚು, ಅಧ್ಯಯನದಲ್ಲಿರುವ ಮಹಿಳೆಯರ ಪ್ರಯಾಣ ಭತ್ಯೆ, ಹೀಗೆ. ನನ್ನನ್ನು ಕೇಳಿದರೆ ಪ್ರಯಾಣ ಭತ್ಯೆಯೇ ಒಳ್ಳೆಯ ಆಯ್ಕೆ. ಶಹಾಪುರ ಕಡೆಯ ಕೂಲಿ ಹೆಣ್ಣುಮಗಳು ಫಾಲೋಅಪ್‌ಗೆ, ಅಂದರೆ ಚಿಕಿತ್ಸೆ ಮುಗಿದ ಮೇಲಿನ ಮರುತಪಾಸಣೆಗೆ, ಬೆಂಗಳೂರಿಗೆ ಹೋಗಬೇಕಾದರೆ ರೈಲಿನ ಖರ್ಚೂ ಬೇಕು, ಎರಡು ಮೂರು ದಿನದ ಕೂಲಿಯೂ ಹೋಗುತ್ತದೆ. ಅವಳು ಹೋಗುವುದು ನಿಲ್ಲಿಸಿದರೆ ಅಧ್ಯಯನದಲ್ಲಿ ಅವಳ ಲೆಕ್ಕವೂ ಅರ್ಧಕ್ಕೇ ನಿಲ್ಲುತ್ತದೆ.

2. ಸಂಸ್ಥೆಯನ್ನು ಆರಿಸಿ, ಲಿಖಿತ ಒಪ್ಪಿಗೆ ಪಡೆಯಿರಿ

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ, ಮುಂಬೈನ ಟಾಟಾ ಮೆಮೋರಿಯಲ್ ಸೆಂಟರ್ ಎರಡೂ ಸಾರ್ವಜನಿಕ ಕ್ಯಾನ್ಸರ್ ಸಂಸ್ಥೆಗಳು, ಎರಡರಲ್ಲೂ ಸಂಶೋಧನೆ ನಡೆಯುತ್ತದೆ. ಕಲಬುರಗಿಯಲ್ಲಿ ಕಿದ್ವಾಯಿಯ ಕೇಂದ್ರ ಇದೆ. ಆದರೆ ಅದು ಮುಖ್ಯವಾಗಿ ಚಿಕಿತ್ಸೆಯ ಜಾಗ. "ಸಂಶೋಧನೆಗೆ" ಅಂತ ಕೊಡುವುದಾದರೆ ಮುಖ್ಯ ಸಂಸ್ಥೆಯ ಜೊತೆ ಪತ್ರ ವ್ಯವಹಾರ ಮಾಡಿ.

ಪತ್ರದಲ್ಲಿ ಕೇಳಬೇಕಾದ್ದು ಇವು. ಸ್ತನ ಕ್ಯಾನ್ಸರ್‌ನ ಯಾವ ಅಧ್ಯಯನಕ್ಕೆ ಈ ಹಣ ಹೋಗುತ್ತದೆ? ಅದಕ್ಕೆ ನೈತಿಕ ಸಮಿತಿಯ, ಅಂದರೆ ರೋಗಿಗಳಿಗೆ ಅನ್ಯಾಯವಾಗದಂತೆ ನೋಡುವ ಸಮಿತಿಯ, ಒಪ್ಪಿಗೆ ಇದೆಯೇ? ರೋಗಿಗಳ ಮೇಲೆ ನಡೆಯುವ ಪ್ರಯೋಗವಾದರೆ ಅದರ ಸಿಟಿಆರ್‌ಐ ನಂಬರ್ ಏನು? ಸಿಟಿಆರ್‌ಐ ಅಂದರೆ ಇಂಥ ಪ್ರಯೋಗಗಳ ರಾಷ್ಟ್ರೀಯ ನೋಂದಣಿ ಪುಸ್ತಕ. ಯಾರು ಬೇಕಾದರೂ ಇಂಟರ್ನೆಟ್‌ನಲ್ಲಿ ನಂಬರ್ ಹಾಕಿ ನೋಡಬಹುದು. ಆಡಳಿತ ವೆಚ್ಚ ಅಂತ ಎಷ್ಟು ಶೇಕಡಾ ಹಿಡಿಯುತ್ತೀರಿ? ಖರ್ಚಾದ ಮೇಲೆ ವಿನಿಯೋಗ ಪ್ರಮಾಣಪತ್ರ, ಅಂದರೆ ಹಣ ಇಂಥದ್ದಕ್ಕೇ ಬಳಸಿದ್ದೇವೆ ಅನ್ನುವ ಲಿಖಿತ ಲೆಕ್ಕ, ಯಾವಾಗ ಕೊಡುತ್ತೀರಿ? ನಿಮ್ಮ ಹೆಸರು, ಲಾಂಛನವನ್ನು ಆಮಂತ್ರಣದಲ್ಲಿ ಹಾಕಬಹುದೇ?

ಕೊನೆಯ ಪ್ರಶ್ನೆ ಮರೆಯಬೇಡಿ. ಒಪ್ಪಿಗೆ ಇಲ್ಲದೆ ದೊಡ್ಡ ಆಸ್ಪತ್ರೆಯ ಲಾಂಛನವನ್ನು ಬ್ಯಾನರ್ ಮೇಲೆ ಹಾಕುವವರು ಬಹಳ ಜನ. ಒಂದು ದೂರು ಹೋದರೆ ಕಾರ್ಯಕ್ರಮವೇ ನಿಲ್ಲುತ್ತದೆ. ಸರ್ಕಾರಿ ಸಂಸ್ಥೆಯ ಉತ್ತರ ಬರಲು ವಾರಗಳೇ ಹಿಡಿಯುತ್ತವೆ. ನಾಲ್ಕು ತಿಂಗಳು ಅಂದಿದ್ದು ಇದಕ್ಕೇ.

3. ಖಾತೆ, ರಶೀದಿ, ತೆರಿಗೆ

ಒಂದು ಸಂಜೆಗೋಸ್ಕರ ಹೊಸ ಟ್ರಸ್ಟ್ ಮಾಡಬೇಡಿ. ನೋಂದಣಿ, ಪ್ಯಾನ್, ಪ್ರತಿ ವರ್ಷದ ಆಡಿಟ್, ಎಲ್ಲ ನಿಮ್ಮ ತಲೆಗೆ ಬರುತ್ತದೆ. ಈಗಾಗಲೇ 80ಜಿ ಮಾನ್ಯತೆ ಇರುವ ಸ್ಥಳೀಯ ಟ್ರಸ್ಟ್ ಜೊತೆ ಸೇರಿಕೊಳ್ಳಿ. ಇಲ್ಲವೇ ದೇಣಿಗೆ ನೇರವಾಗಿ ಸಂಶೋಧನಾ ಸಂಸ್ಥೆಯ ಖಾತೆಗೇ ಬೀಳುವಂತೆ ಮಾಡಿ. ಎರಡನೆಯದೇ ಒಳ್ಳೆಯದು, ಅನುಮಾನಕ್ಕೆ ಜಾಗವೇ ಇರುವುದಿಲ್ಲ.

80ಜಿ ಅಂದರೆ ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗುವ ರಿಯಾಯಿತಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಂ ನಂಬರ್‌ಗಳು ಬದಲಾಗಿವೆ. ಜನರ ಬಾಯಲ್ಲಿ ಮಾತ್ರ ಅದು 80ಜಿಯೇ. ಇದರಲ್ಲಿ ಜನ ಎಡವುವ ಜಾಗಗಳು:

• ನಗದಾಗಿ ಕೊಟ್ಟರೆ 2,000 ರೂಪಾಯಿಗಿಂತ ಹೆಚ್ಚಿನ ದೇಣಿಗೆಗೆ ಈ ರಿಯಾಯಿತಿ ಇಲ್ಲ. ಚೆಕ್, ಯುಪಿಐ, ಬ್ಯಾಂಕ್ ವರ್ಗಾವಣೆ ಮಾಡಿಸಿ.

• ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ಸಂಬಳದಾರರಿಗೆ ಇದು ಸಿಗುವುದೇ ಇಲ್ಲ. "ಎಲ್ಲರಿಗೂ ತೆರಿಗೆ ಉಳಿಯುತ್ತದೆ" ಅಂತ ಟಿಕೆಟ್ ಮಾರಬೇಡಿ.

• ಟಿಕೆಟ್ ಕೊಂಡವರಿಗೆ ಊಟವೂ ಕಾರ್ಯಕ್ರಮವೂ ಸಿಗುತ್ತದೆ. ಹರಾಜಿನಲ್ಲಿ ಕೊಂಡವರಿಗೆ ವಸ್ತು ಸಿಗುತ್ತದೆ. ಅದು ಪೂರ್ತಿ ದಾನ ಅಲ್ಲ. ಅದಕ್ಕೆ ದೇಣಿಗೆ ರಶೀದಿ ಹರಿದು ಕೊಡುವ ಮುನ್ನ ಸಿಎ ಅವರನ್ನು ಕೇಳಿ. ಟಿಕೆಟ್ ಪುಸ್ತಕ, ದೇಣಿಗೆ ಪುಸ್ತಕ ಎರಡನ್ನೂ ಬೇರೆ ಬೇರೆ ಬಣ್ಣದಲ್ಲಿ ಅಚ್ಚು ಹಾಕಿಸಿ.

• ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಗಂಜ್‌ನ ಯಾವುದೋ ಅಡತಿಯವರು ಖುಷಿಯಲ್ಲಿ ಕಟ್ಟು ಹಿಡಿದು ಬಂದರೂ ಕೈ ಮುಗಿದು ಚೆಕ್ ಕೇಳಿ.

• ಹೆಸರು-ವಿಳಾಸ ಇಲ್ಲದ ದೇಣಿಗೆ ಒಂದು ಮಿತಿ ದಾಟಿದರೆ ಟ್ರಸ್ಟ್ ಅದರ ಮೇಲೆ 30% ತೆರಿಗೆ ಕಟ್ಟಬೇಕಾಗಬಹುದು. ಡಬ್ಬಿ ಇಟ್ಟರೂ ಪಕ್ಕದಲ್ಲಿ ಒಂದು ರಿಜಿಸ್ಟರ್ ಇರಲಿ.

ಇನ್ನೊಂದು ಅಪಾಯದ ಜಾಗ ಅಮೆರಿಕದಲ್ಲಿರುವ ಮಕ್ಕಳದ್ದು. ನಮ್ಮಲ್ಲೂ ಎಷ್ಟೋ ಮನೆಯವರ ಮಕ್ಕಳು ಹೊರದೇಶದಲ್ಲಿ ಇದ್ದಾರಲ್ವಾ? ಅವರು ಇನ್ನೂ ಭಾರತೀಯ ಪಾಸ್‌ಪೋರ್ಟ್‌ನವರಾಗಿದ್ದು, ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ತೊಂದರೆಯಿಲ್ಲ. ಆ ದೇಶದ ಪೌರತ್ವ ಪಡೆದಿದ್ದರೆ, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಕಾರ್ಡ್) ಇದ್ದರೂ ಸರಿ, ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇರುವ ಸಂಸ್ಥೆ ಮಾತ್ರ, ಅದಕ್ಕಾಗಿಯೇ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಯಲ್ಲಿ ಅದನ್ನು ಪಡೆಯಬಹುದು. "ನನ್ನ ಮಗ ನನ್ನ ಖಾತೆಗೆ ಹಾಕ್ತಾನೆ, ನಾನು ನಿಮಗೆ ಕೊಡ್ತೀನಿ" ಅನ್ನುವ ಜಾಣತನ ಬೇಡ.

ಮತ್ತೆ, ಸಮಿತಿಯ ಯಾರದೇ ಸ್ವಂತ ಫೋನ್‌ಪೇ ನಂಬರ್‌ಗೆ ಒಂದು ರೂಪಾಯಿಯೂ ಬರಬಾರದು. ಎಷ್ಟೇ ನಂಬಿಕಸ್ಥರಾಗಿರಲಿ.

4. ಲೆಕ್ಕದ ಹಾಳೆ ಬರೆಯಿರಿ

ಇದು ಬರೀ ಉದಾಹರಣೆ. ದರಗಳನ್ನು ನೀವೇ ಕೇಳಿ ತುಂಬಿಕೊಳ್ಳಿ. 250 ಜನರ ಸಂಜೆ ಅಂದುಕೊಳ್ಳಿ. ಊಟ ತಲೆಗೆ 350 ರೂಪಾಯಿಯಂತೆ 87,500. ಹಾಲ್ 40,000. ಧ್ವನಿ-ಬೆಳಕು 35,000. ಕಲಾವಿದರು 40,000. ಅಚ್ಚು, ಪ್ರಚಾರ 10,000. ಜನರೇಟರ್, ಸ್ವಚ್ಛತೆ, ಇತರೆ 20,000. ಒಟ್ಟು 2,32,500.

ಈಗ ಆದಾಯ. 250ರಲ್ಲಿ 50 ಜನ ಪಾಸ್‌ನವರು. ಇದನ್ನು ತಪ್ಪಿಸಲು ನೀವು ಏನೇ ಮಾಡಿದರೂ ಆಗುವುದಿಲ್ಲ. ಉಳಿದ 200 ಜನ 1,000 ರೂಪಾಯಿಯಂತೆ ಕೊಟ್ಟರೆ 2 ಲಕ್ಷ. ಅಂದರೆ ಎಲ್ಲ ಟಿಕೆಟ್ ಮಾರಾಟವಾದರೂ 32,500 ರೂಪಾಯಿ ನಷ್ಟ! ಟಿಕೆಟ್‌ನಿಂದ ಗಾಲಾ ಗೆಲ್ಲುವುದಿಲ್ಲ. ಹಾಲ್ ತುಂಬಿತು, ಫೋಟೊ ಚೆನ್ನಾಗಿ ಬಂತು, ಸಂಶೋಧನೆಗೆ ಸೊನ್ನೆ. ಇದು ಎಷ್ಟೋ ಕಡೆ ಆಗಿದೆ.

ಅದಕ್ಕೇ ನಿಯಮ ಇಷ್ಟು: ಖರ್ಚನ್ನು ಪ್ರಾಯೋಜಕರು ಹೊರಬೇಕು, ಟಿಕೆಟ್ ಮತ್ತು ದೇಣಿಗೆ ಪೂರ್ತಿ ಸಂಶೋಧನೆಗೆ ಹೋಗಬೇಕು. ಮೇಲಿನ ಲೆಕ್ಕದಲ್ಲಿ ಹತ್ತು ಪ್ರಾಯೋಜಕರು 25,000ದಂತೆ ಕೊಟ್ಟರೆ ಖರ್ಚು ಕಳೆದು 17,500 ಉಳಿಯುತ್ತದೆ. ಆಗ ಟಿಕೆಟ್‌ನ 2 ಲಕ್ಷ, ಹರಾಜು, ದೇಣಿಗೆ ಎಲ್ಲವೂ ಮುಟ್ಟಬೇಕಾದಲ್ಲಿಗೆ ಮುಟ್ಟುತ್ತದೆ. ಹಾಲ್‌ಗೆ ಮುಂಗಡ ಕೊಡುವ ಹೊತ್ತಿಗೆ ಅರ್ಧ ಖರ್ಚಿನಷ್ಟಾದರೂ ಪ್ರಾಯೋಜಕರ ಹಣ ಖಾತೆಗೆ ಬಂದಿರಬೇಕು. ಬಾಯಿಮಾತು ಲೆಕ್ಕಕ್ಕಿಲ್ಲ. ಬಂದಿಲ್ಲವಾದರೆ ಕಾರ್ಯಕ್ರಮ ಬಿಟ್ಟು, ಸಮಿತಿಯ ಪ್ರತಿಯೊಬ್ಬರೂ ನೇರ ದೇಣಿಗೆ ಕಳಿಸಿ ಸುಮ್ಮನಾಗಿ. ಅದೂ ಒಳ್ಳೆಯ ಕೆಲಸವೇ.

ಜಿಎಸ್‌ಟಿ ಬಗ್ಗೆ ಒಂದೇ ಮಾತು. ಸಂಗೀತ, ನಾಟಕ, ನೃತ್ಯದಂಥ ಕಾರ್ಯಕ್ರಮದ ಪ್ರವೇಶ ತಲೆಗೆ 500 ರೂಪಾಯಿಯವರೆಗೆ ಇದ್ದರೆ ವಿನಾಯಿತಿ ಇದೆ. ಅದಕ್ಕಿಂತ ಜಾಸ್ತಿ ಇಟ್ಟರೆ, ಪ್ರಾಯೋಜಕತ್ವ ಪಡೆದರೆ ನಿಮ್ಮ ಸಿಎ ಹತ್ತಿರ ಮೊದಲೇ ಕೂತು ಮಾತಾಡಿ.

5. ಪ್ರಾಯೋಜಕರನ್ನು ಹುಡುಕುವಾಗ

ಸೇಡಂ, ಮಳಖೇಡ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳ ಸಿಎಸ್‌ಆರ್ ಹಣ ಎಲ್ಲರ ತಲೆಯಲ್ಲೂ ಮೊದಲು ಬರುತ್ತದೆ. ಸಿಎಸ್‌ಆರ್ ಅಂದರೆ ದೊಡ್ಡ ಕಂಪನಿಗಳು ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕೆಂಬ ನಿಯಮ. ಇಲ್ಲಿ ಒಂದು ಸೂಕ್ಷ್ಮ ಇದೆ. ಒಂದು ದಿನದ ಕಾರ್ಯಕ್ರಮದ ಪ್ರಾಯೋಜಕತ್ವವನ್ನು ಸಿಎಸ್‌ಆರ್ ಅಂತ ತೋರಿಸಲು ಬರುವುದಿಲ್ಲ. ಹಾಗಾಗಿ "ನಮ್ಮ ಗಾಲಾಗೆ ಸಿಎಸ್‌ಆರ್ ಕೊಡಿ" ಅಂತ ಪತ್ರ ಬರೆದರೆ ಅದು ಕಸದ ಬುಟ್ಟಿಗೆ. ಸಂಶೋಧನಾ ಸಂಸ್ಥೆಯ ಯೋಜನೆಗೆ ನೇರವಾಗಿ ಕೊಡಿ ಅಂತ ಕೇಳಿ. ಹಣ ಪಡೆಯುವ ಟ್ರಸ್ಟ್‌ಗೆ ಸಿಎಸ್‌ಆರ್-1, ಅಂದರೆ ಸಿಎಸ್‌ಆರ್ ಹಣ ಪಡೆಯಲು ಬೇಕಾದ ನೋಂದಣಿ, ಇದೆಯೇ ನೋಡಿಕೊಳ್ಳಿ. ಕಾರ್ಯಕ್ರಮದ ಖರ್ಚಿಗೆ ಕಂಪನಿಯ ಜಾಹೀರಾತು ವಿಭಾಗವನ್ನು, ಊರಿನ ಬಟ್ಟೆ ಅಂಗಡಿ, ಬಂಗಾರದ ಅಂಗಡಿ, ದಾಲ್ ಮಿಲ್ಲುಗಳನ್ನು ಕೇಳಿ. ನನ್ನ ಅನುಭವದಲ್ಲಿ ದಾಲ್ ಮಿಲ್ಲಿನವರು ಕಡಿಮೆ ಮಾತಾಡಿ ಬೇಗ ಕೊಡುತ್ತಾರೆ.

ಯಾರಿಂದ ಬೇಡ ಅನ್ನುವುದೂ ಮುಖ್ಯ. ಗುಟ್ಕಾ, ತಂಬಾಕು, ಮದ್ಯದವರ ರೊಕ್ಕ ಕ್ಯಾನ್ಸರ್ ಕಾರ್ಯಕ್ರಮಕ್ಕೆ ಬೇಡವೇ ಬೇಡ. ಮದ್ಯ ಕುಡಿಯುವುದರಿಂದ ಸ್ತನ ಕ್ಯಾನ್ಸರ್‌ನ ಅಪಾಯ ಹೆಚ್ಚುತ್ತದೆ ಅನ್ನುವುದು ಸಾಬೀತಾದ ವಿಷಯ. ಇನ್ನು "ಕ್ಯಾನ್ಸರ್ ಗುಣಪಡಿಸುವ" ಪುಡಿ, ಕಷಾಯ, ಯಂತ್ರ ಮಾರುವವರು ಒಳ್ಳೆಯ ಮೊತ್ತ ಹಿಡಿದುಕೊಂಡು ಬರುತ್ತಾರೆ. ಅವರಿಗೆ ಸ್ಟಾಲ್ ಕೊಡಬೇಡಿ, ಬ್ಯಾನರ್ ಕಟ್ಟಲು ಬಿಡಬೇಡಿ. ಕ್ಯಾನ್ಸರ್ ವಾಸಿ ಮಾಡುತ್ತೇವೆ ಅಂತ ಔಷಧಿ ಜಾಹೀರಾತು ಮಾಡುವುದು 1954ರ ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪ್ರಕಾರ ಅಪರಾಧ. ನಿಮ್ಮ ವೇದಿಕೆ ನೋಡಿ ಒಬ್ಬಳು ಹೆಣ್ಣುಮಗಳು ಆಸ್ಪತ್ರೆ ಬಿಟ್ಟು ಪುಡಿ ಹಿಂದೆ ಹೋದರೆ ನೀವು ಕೂಡಿಸಿದ ರೊಕ್ಕಕ್ಕೆ ಅರ್ಥವೇ ಇಲ್ಲ.

6. ದಿನ, ಹಾಲ್, ಪರವಾನಗಿ

ಅಕ್ಟೋಬರ್ ಸ್ತನ ಕ್ಯಾನ್ಸರ್ ಜಾಗೃತಿ ತಿಂಗಳು, ನಿಜ. ಆದರೆ ನಮ್ಮಲ್ಲಿ ಆ ಹೊತ್ತಿಗೆ ಪಿತೃಪಕ್ಷ, ನವರಾತ್ರಿ, ದೀಪಾವಳಿ ಒಂದರ ಹಿಂದೆ ಒಂದು ಬರುತ್ತವೆ. ಹೊಲದಲ್ಲಿ ತೊಗರಿ ಇನ್ನೂ ಹಸಿರು, ವ್ಯಾಪಾರಿಗಳ ಕೈಯಲ್ಲಿ ರೊಕ್ಕ ಇಲ್ಲ. ಮಾಡುವುದಾದರೆ ಜನವರಿ ಕೊನೆ ಅಥವಾ ಫೆಬ್ರವರಿ ಮೊದಲ ವಾರ ಅಂತೀನಿ ನಾನು. ತೊಗರಿ ಮಾರುಕಟ್ಟೆಗೆ ಬಂದಿರುತ್ತದೆ, ಸಂಜೆ ತಂಪಿರುತ್ತದೆ, ಫೆಬ್ರವರಿ 4 ವಿಶ್ವ ಕ್ಯಾನ್ಸರ್ ದಿನ ಬೇರೆ. ರಂಜಾನ್ ತಿಂಗಳು ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಸರಿಯುತ್ತದೆ, ಆ ವರ್ಷ ಎಲ್ಲಿ ಬೀಳುತ್ತದೆ ನೋಡಿ. ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆ. ಆಮೇಲೆ ಬಿಸಿಲು ಶುರು, ಏಪ್ರಿಲ್-ಮೇನಲ್ಲಿ ಯೋಚನೆಯೂ ಬೇಡ. ಪಂಚಾಂಗದ ಮದುವೆ ಮುಹೂರ್ತದ ದಿನ ತಪ್ಪಿಸಿ. ಆ ದಿನ ನಿಮ್ಮ ಅರ್ಧ ಜನ ಕಲ್ಯಾಣ ಮಂಟಪದಲ್ಲಿ ಇರುತ್ತಾರೆ.

ಹಾಲ್‌ನಲ್ಲಿ ನೋಡಬೇಕಾದ್ದು: ವೀಲ್‌ಚೇರ್ ಹೋಗುವ ದಾರಿ, ಹೆಂಗಸರ ಶೌಚಾಲಯದ ಸ್ಥಿತಿ, ಜನರೇಟರ್, ಊಟದ ಜಾಗ. ಸರ್ಕಾರಿ ರಂಗಮಂದಿರವಾದರೆ ಯಾವುದೋ ಸರ್ಕಾರಿ ಕಾರ್ಯಕ್ರಮ ಬಂದು ನಿಮ್ಮ ದಿನಾಂಕ ತಪ್ಪಬಹುದು. ಎರಡನೇ ಜಾಗ ಮನಸ್ಸಿನಲ್ಲಿರಲಿ. ಚುನಾವಣೆ ನೀತಿಸಂಹಿತೆ ಬಂದರೆ ರಾಜಕಾರಣಿ ಅತಿಥಿಗಳ ಕಥೆಯೇ ಮುಗಿಯಿತು.

ಪೊಲೀಸ್ ಅನುಮತಿಗೆ ಕಲಬುರಗಿ ನಗರದಲ್ಲಿ ಕಮಿಷನರ್ ಕಚೇರಿ ವ್ಯಾಪ್ತಿಯ ಠಾಣೆ, ಬೀದರ್-ಯಾದಗಿರಿಯಲ್ಲಿ ಸ್ಥಳೀಯ ಠಾಣೆಯಿಂದ ಶುರು ಮಾಡಿ. ಬಯಲಲ್ಲಿ ಮೈಕ್ ಹಾಕುವುದಾದರೆ ರಾತ್ರಿ 10ಕ್ಕೆ ನಿಲ್ಲಲೇಬೇಕು. ರಸ್ತೆಯಲ್ಲಿ ಬ್ಯಾನರ್ ಕಟ್ಟುವ ಮುನ್ನ ಮಹಾನಗರ ಪಾಲಿಕೆಯನ್ನು ಕೇಳಿ, ಫ್ಲೆಕ್ಸ್ ಬೇಡ. ಸಿನಿಮಾ ಹಾಡು ಹಾಡಿಸುವುದಾದರೆ ಐಪಿಆರ್‌ಎಸ್, ರೆಕಾರ್ಡ್ ಹಾಕುವುದಾದರೆ ಪಿಪಿಎಲ್‌ನಂಥ, ಹಾಡುಗಳ ಹಕ್ಕುಸ್ವಾಮ್ಯ ನೋಡಿಕೊಳ್ಳುವ ಸಂಸ್ಥೆಗಳ ಪರವಾನಗಿ ಬೇಕಾಗುತ್ತದೆ. ಒಳ್ಳೆಯ ಕೆಲಸಕ್ಕೆ ಅಂದ ಮಾತ್ರಕ್ಕೆ ಟಿಕೆಟ್ ಇಟ್ಟ ಕಾರ್ಯಕ್ರಮಕ್ಕೆ ಮಾಫಿ ಇಲ್ಲ. ವಚನ, ತತ್ವಪದ, ಸೂಫಿ ಕವ್ವಾಲಿ ಇಟ್ಟರೆ ಈ ಗೋಜೂ ಕಡಿಮೆ, ಊರಿಗೂ ಒಪ್ಪುತ್ತದೆ.

7. ಆ ಸಂಜೆ

ದೊಡ್ಡ ಶತ್ರು ಸನ್ಮಾನ. ವೇದಿಕೆ ಮೇಲೆ ಹದಿನೆಂಟು ಕುರ್ಚಿ, ಹದಿನೆಂಟು ಶಾಲು, ಹದಿನೆಂಟು ಪೇಟ, ನೆನಪಿನ ಕಾಣಿಕೆ, ಪ್ರತಿಯೊಬ್ಬರಿಗೂ "ಎರಡೇ ಮಾತು". ಒಂದೂವರೆ ಗಂಟೆ ಹೋಯಿತು. ಹಿಂದಿನ ಸಾಲಿನವರು ಊಟದ ವಾಸನೆ ಹಿಡಿದು ಎದ್ದರು. ದೇಣಿಗೆ ಕೇಳುವ ಹೊತ್ತಿಗೆ ಎದುರಿಗೆ ಇರುವುದು ಸಮಿತಿಯವರ ಮನೆಮಂದಿ ಮಾತ್ರ. ಐದು ಕುರ್ಚಿ ಸಾಕು. ಸ್ವಾಗತಕ್ಕೆ ಒಂದೊಂದು ಹೂ. ಶಾಲಿನ ರೊಕ್ಕ ಕೂಡ ಸಂಶೋಧನೆಗೆ ಅಂತ ಆಮಂತ್ರಣದಲ್ಲೇ ಬರೆದುಬಿಡಿ, ಯಾರೂ ಮುನಿಸಿಕೊಳ್ಳಲು ಆಗುವುದಿಲ್ಲ. ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಎರಡು ಗಂಟೆಯ ಅಂದಾಜು ಹೀಗಿರಲಿ. ಹತ್ತು ನಿಮಿಷ ಸ್ವಾಗತ. ಅರ್ಧ ಗಂಟೆ ಸಂಗೀತ. ವೈದ್ಯರ ಮಾತು ಹದಿನೈದು ನಿಮಿಷ, ಸ್ಲೈಡ್‌ಗಳಿಲ್ಲದೆ. ಕಾಯಿಲೆ ದಾಟಿ ಬಂದ ಒಬ್ಬರ ಮಾತು ಹತ್ತು ನಿಮಿಷ. ಕೂಡಲೇ ದೇಣಿಗೆಯ ಮನವಿ. ಆಮೇಲೆ ಹರಾಜು, ಮತ್ತೆ ಹಾಡು, ಊಟ. ಮನವಿ ಊಟದ ಮುಂಚೆಯೇ ಆಗಬೇಕು. ನಿರೂಪಕರಿಗೆ ಕನ್ನಡದ ಜೊತೆ ದಖ್ಖನಿಯೂ ಬಂದರೆ ಹಾಲ್ ಪೂರ್ತಿ ನಿಮ್ಮದು.

ವೈದ್ಯರಿಗೆ ಮೊದಲೇ ಹೇಳಿ: ಗಂಟು, ಚರ್ಮ ಕುಳಿ ಬೀಳುವುದು, ತೊಟ್ಟಿನಿಂದ ರಕ್ತದಂಥ ಸ್ರಾವ ಕಂಡರೆ ತಡಮಾಡದೆ ತೋರಿಸಬೇಕು, ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ, ಗಂಟು ನೋಯದಿದ್ದರೂ ತೋರಿಸಬೇಕು, ಅಪರೂಪಕ್ಕೆ ಗಂಡಸರಿಗೂ ಬರುತ್ತದೆ, 30 ದಾಟಿದ ಮಹಿಳೆಯರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ತಪಾಸಣೆಯ ಕಾರ್ಯಕ್ರಮ ಇದೆ. ಇಷ್ಟು ಸಾಕು. ಹಾಲ್‌ನಲ್ಲೇ ಪರದೆ ಕಟ್ಟಿ ತಪಾಸಣೆ ಮಾಡುವ ಆಲೋಚನೆ ಬಿಡಿ. ಅದಕ್ಕೆ ಬೇರೆ ದಿನ, ಬೇರೆ ಸಿದ್ಧತೆ ಬೇಕು. ಗಂಟು ಸಿಕ್ಕವರನ್ನು ಮುಂದೆ ಎಲ್ಲಿಗೆ ಕಳಿಸಬೇಕು ಅಂತ ತಿಳಿಯದೆ ಮಾಡಿದ ತಪಾಸಣೆ ಬರೀ ಹೆದರಿಸುವ ಕೆಲಸ.

ಕಾಯಿಲೆ ದಾಟಿ ಬಂದವರನ್ನು ಕರೆಯುವಾಗ ಎಚ್ಚರ. ಏನು ಹೇಳಬೇಕು, ಎಷ್ಟು ಹೇಳಬೇಕು ಅವರೇ ತೀರ್ಮಾನಿಸಲಿ. ಫೋಟೊ, ವಿಡಿಯೊಗೆ ಲಿಖಿತ ಒಪ್ಪಿಗೆ ಪಡೆಯಿರಿ. ಮಗಳ ಮದುವೆಯ ಮಾತು ನಡೆಯುತ್ತಿರುವ ಮನೆಯಲ್ಲಿ ಈ ಸುದ್ದಿ ಹೊರಗೆ ಹೋಗುವುದು ಬೇಡ ಅನ್ನುವವರು ಇನ್ನೂ ಇದ್ದಾರೆ. ಅವರು ಕೊನೆ ಗಳಿಗೆಯಲ್ಲಿ ಬರಲಾರೆ ಅಂದರೂ ಒತ್ತಾಯ ಬೇಡ. ಅಳಿಸಿ ರೊಕ್ಕ ಎತ್ತುವ ನಿರೂಪಣೆ ಬೇಡ, ಹಿಂದೆ ಕೊಳಲಿನ ಶೋಕರಾಗವೂ ಬೇಡ.

ಲಕ್ಕಿ ಡ್ರಾ ಇಡಬೇಡಿ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧವಿದೆ. ರೊಕ್ಕ ಪಡೆದು ಚೀಟಿ ಕೊಟ್ಟು ಬಹುಮಾನ ಎತ್ತಿದರೆ ಅದೂ ಲಾಟರಿಯೇ ಅಂತ ಪೊಲೀಸರು ಹಿಡಿಯಬಹುದು. ಹರಾಜು ಮಾಡಿ. ನಮ್ಮ ಭಾಗಕ್ಕೆ ಬಿದರಿಗಿಂತ ಒಳ್ಳೆಯ ಹರಾಜಿನ ವಸ್ತು ಇನ್ನೇನಿದೆ? ಸತು-ತಾಮ್ರದ ಎರಕ, ಬೆಳ್ಳಿಯ ಕುಸುರಿ, ಬೀದರ್ ಕೋಟೆಯ ಮಣ್ಣಿನಿಂದ ಬರುವ ಆ ಕಪ್ಪು. ಇದನ್ನು ನಿರೂಪಕರು ಅರ್ಧ ನಿಮಿಷ ಹೇಳಿದರೆ ಬೆಲೆ ತಾನೇ ಏರುತ್ತದೆ. ಆದರೆ ಕುಶಲಕರ್ಮಿಗಳ ಹತ್ತಿರ ಪುಕ್ಕಟೆ ಕೇಳಬೇಡಿ. ಪೂರ್ತಿ ಬೆಲೆ ಕೊಟ್ಟು ಕೊಳ್ಳಿ, ಆ ಬೆಲೆಯನ್ನು ಒಬ್ಬ ಪ್ರಾಯೋಜಕರು ಹೊರಲಿ. ಮೀಸಲು ಬೆಲೆ, ಅಂದರೆ ಇದಕ್ಕಿಂತ ಕೆಳಗೆ ಬಿಡುವುದಿಲ್ಲ ಅನ್ನುವ ಮೊತ್ತ, ಮೊದಲೇ ಬರೆದಿಡಿ. ಐದಾರು ವಸ್ತು ಸಾಕು, ಜಾಸ್ತಿ ಆದರೆ ಉತ್ಸಾಹ ಇಳಿಯುತ್ತದೆ. ಕೂಗಿದವರಿಂದ ವಸ್ತು ಕೊಡುವ ಮುಂಚೆಯೇ ಹಣ ಪಡೆಯಿರಿ. "ನಾಳೆ ಕಳಿಸ್ತೀನಿ" ಅಂದವರನ್ನು ಹುಡುಕಿಕೊಂಡು ತಿರುಗುವವರು ಯಾರು?

ಊಟಕ್ಕೆ ಸಸ್ಯಾಹಾರ ಒಂದೇ ಇಡಿ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣಬಹುದು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಹೋಳಿಗೆ, ಅನ್ನ-ಸಾರು. ರೊಟ್ಟಿಯನ್ನು ಮಹಿಳಾ ಸ್ವಸಹಾಯ ಸಂಘದವರಿಗೆ ವಹಿಸಿ.

8. ಮರುದಿನದಿಂದ

ಅದೇ ರಾತ್ರಿ ಇಬ್ಬರು ಕೂತು ನಗದು ಎಣಿಸಿ, ಇಬ್ಬರೂ ಸಹಿ ಹಾಕಿ, ಮರುದಿನ ಬ್ಯಾಂಕ್ ತೆರೆಯುತ್ತಿದ್ದಂತೆ ಜಮಾ ಮಾಡಿ. ನಗದಿನಿಂದಲೇ ಶಾಮಿಯಾನದವರಿಗೆ, ಅಡುಗೆಯವರಿಗೆ ಕೊಟ್ಟು ಉಳಿದದ್ದನ್ನು ಜಮಾ ಮಾಡುವ ಅಭ್ಯಾಸ ಬಹಳ ಕಡೆ ಇದೆ. ಆಮೇಲೆ ಯಾವ ಲೆಕ್ಕವೂ ಕೂಡುವುದಿಲ್ಲ. ಬಂದದ್ದು ಪೂರ್ತಿ ಒಳಗೆ, ಖರ್ಚು ಪೂರ್ತಿ ಚೆಕ್‌ನಲ್ಲಿ.

ಮೂವತ್ತು ದಿನದೊಳಗೆ ಒಂದು ಹಾಳೆಯ ಲೆಕ್ಕ ಹೊರಗೆ ಬರಲಿ. ಟಿಕೆಟ್‌ನಿಂದ ಇಷ್ಟು, ಪ್ರಾಯೋಜಕರಿಂದ ಇಷ್ಟು, ಹರಾಜಿನಿಂದ ಇಷ್ಟು, ಖರ್ಚು ಇಷ್ಟು, ಸಂಸ್ಥೆಗೆ ಕಳಿಸಿದ್ದು ಇಷ್ಟು, ವರ್ಗಾವಣೆಯ ದಿನಾಂಕ ಇದು. ದೇಣಿಗೆ ಕೊಟ್ಟ ಎಲ್ಲರಿಗೂ ವಾಟ್ಸಾಪ್‌ನಲ್ಲಿ ಕಳಿಸಿ. 500 ರೂಪಾಯಿ ಕೊಟ್ಟವರಿಗೂ ಅದೇ ಹಾಳೆ. ಖರ್ಚು ಜಾಸ್ತಿಯಾಗಿದ್ದರೆ ಮುಚ್ಚಿಡಬೇಡಿ, ಕಾರಣ ಬರೆಯಿರಿ. ಸಂಸ್ಥೆಗೆ ದೊಡ್ಡ ರಟ್ಟಿನ ಚೆಕ್ ಹಿಡಿದು ಫೋಟೊ ತೆಗೆಸಿಕೊಳ್ಳಲು ಹತ್ತು ಜನ ಬೆಂಗಳೂರಿಗೆ ಹೋಗುವ ಖರ್ಚು ಈ ಹಾಳೆಯಲ್ಲಿ ಬರಬಾರದು. ಆನ್‌ಲೈನ್ ವರ್ಗಾವಣೆ ಮಾಡಿ, ರಶೀದಿಯ ಫೋಟೊ ಹಾಕಿ.

ಹಣ ಕಳಿಸುವಾಗ ಜೊತೆಗೆ ಒಂದು ಪತ್ರ ಇರಲಿ. ಯಾವ ಅಧ್ಯಯನಕ್ಕೆ ಅಂತ ಒಪ್ಪಂದವಾಗಿತ್ತೋ ಅದರ ಹೆಸರು, ನಂಬರ್ ಬರೆಯಿರಿ. ಇಲ್ಲದಿದ್ದರೆ ಅದು ಸಾಮಾನ್ಯ ನಿಧಿಗೆ ಸೇರಿಬಿಡುತ್ತದೆ. ಆರು ತಿಂಗಳಾದ ಮೇಲೆ ವಿನಿಯೋಗ ಪ್ರಮಾಣಪತ್ರಕ್ಕೆ ನೆನಪೋಲೆ ಹಾಕಿ. ಈ ಕೆಲಸಕ್ಕೆ ಸಮಿತಿಯ ಒಬ್ಬರನ್ನು ಈಗಲೇ ಗೊತ್ತು ಮಾಡಿ, ಏಕೆಂದರೆ ಆ ಹೊತ್ತಿಗೆ ಸಮಿತಿಯ ವಾಟ್ಸಾಪ್ ಗ್ರೂಪ್‌ನಲ್ಲಿ ಗುಡ್ ಮಾರ್ನಿಂಗ್ ಬಿಟ್ಟು ಬೇರೇನೂ ಇರುವುದಿಲ್ಲ.

ದೇಣಿಗೆ ಕೊಟ್ಟವರು ತೆರಿಗೆ ರಿಯಾಯಿತಿ ಪಡೆಯಲು ಬರೀ ರಶೀದಿ ಸಾಲದು. ಟ್ರಸ್ಟ್‌ನವರು ಆದಾಯ ತೆರಿಗೆ ಇಲಾಖೆಗೆ ದೇಣಿಗೆಯ ಪಟ್ಟಿ ಸಲ್ಲಿಸಿ, ಪ್ರತಿಯೊಬ್ಬರಿಗೂ ಪ್ರಮಾಣಪತ್ರ ಕೊಡಬೇಕು. 10ಬಿಇ ಅಂತ ಜನ ಕರೆಯುತ್ತಿದ್ದದ್ದು ಇದನ್ನೇ. ಮಾರ್ಚ್‌ಗೆ ಆರ್ಥಿಕ ವರ್ಷ ಮುಗಿದ ಮೇಲೆ ರೂಢಿಯಲ್ಲಿ ಮೇ 31ರೊಳಗೆ ಈ ಕೆಲಸ ಮುಗಿಯಬೇಕು. ಅದಕ್ಕೆ ಕೊಟ್ಟವರ ಪ್ಯಾನ್ ನಂಬರ್ ಬೇಕು. ಆ ಸಂಜೆ ರಶೀದಿ ಬರೆಯುವಾಗಲೇ ಕೇಳಿ ಬರೆದುಕೊಳ್ಳಿ. ಮೇ ತಿಂಗಳ ಬಿಸಿಲಲ್ಲಿ ಒಬ್ಬೊಬ್ಬರಿಗೇ ಫೋನ್ ಮಾಡಿ ಪ್ಯಾನ್ ಕೇಳಿದರೆ ಅರ್ಧ ಜನ ಸೈಬರ್ ವಂಚಕರು ಅಂದುಕೊಂಡು ಫೋನ್ ಇಟ್ಟುಬಿಡುತ್ತಾರೆ.